ಆಂಡ್ರಾಯ್ಡ್: ಎಲ್ಲ ಸೇವೆಗಳಿಗೂ ಒಂದೇ ಅಪ್ಲಿಕೇಶನ್ ಕಾಂಟೆಕ್ಸ್ಟ್ ಸಾಕೇ? ಅನುಭವ ಹಂಚಿಕೊಳ್ಳಿ

ಪ್ರಶ್ನೆ: ನಮ್ಮ ಆ್ಯಪ್‌ನಲ್ಲಿ ಡೇಟಾಬೇಸ್, ಡೌನ್‌ಲೋಡ್, ವೈಫೈ ಹೀಗೆ ಎಲ್ಲಕ್ಕೂ ಕಾಂಟೆಕ್ಸ್ಟ್ (ಸಿಸ್ಟಮ್‌ನ ಸೌಲಭ್ಯಗಳನ್ನು ತಲುಪಲು ಆಂಡ್ರಾಯ್ಡ್ ಕೊಡುವ ಕೊಂಡಿ) ಬೇಕು. ಇಡೀ ಆ್ಯಪ್‌ಗೆ ಸೇರಿದ ಅಪ್ಲಿಕೇಶನ್ ಕಾಂಟೆಕ್ಸ್ಟ್ ಒಂದನ್ನೇ ಎಲ್ಲೆಡೆ ಬಳಸಬಹುದೇ? ಬಳಸಿ ನೋಡಿದವರು ದಯವಿಟ್ಟು ತಿಳಿಸಿ.

ಉತ್ತರ: ಸೇವೆಗಳಿಗೆ ಧಾರಾಳವಾಗಿ ಬಳಸಿ. ಫೋನ್ ಅಡ್ಡ ತಿರುಗಿಸಿದರೆ ಸಾಮಾನ್ಯವಾಗಿ ಹಳೆಯ ಆ್ಯಕ್ಟಿವಿಟಿ (ಆ್ಯಪ್‌ನ ಒಂದು ಪರದೆ) ಹೋಗಿ ಹೊಸದು ಬರುತ್ತದೆ. ಡೇಟಾಬೇಸ್‌ನ ಸಿಂಗಲ್‌ಟನ್ (ಇಡೀ ಆ್ಯಪ್‌ಗೆ ಒಂದೇ ಇರುವ ಆಬ್ಜೆಕ್ಟ್) ಹಳೆಯದನ್ನೇ ಹಿಡಿದುಕೊಂಡಿದ್ದರೆ ಆ ಪರದೆ ತನ್ನ ಚಿತ್ರ, ಬಟನ್‌ಗಳ ಸಮೇತ ಮೆಮೊರಿಯಲ್ಲೇ ಉಳಿಯುತ್ತದೆ. ಅಪ್ಲಿಕೇಶನ್ ಕಾಂಟೆಕ್ಸ್ಟ್ ಪ್ರೋಸೆಸ್ (ಮೆಮೊರಿಯಲ್ಲಿ ಓಡುತ್ತಿರುವ ಆ್ಯಪ್) ಇರುವಷ್ಟು ಕಾಲವೂ ಇರುವುದರಿಂದ ಈ ತೊಂದರೆಯಿಲ್ಲ. ಮೆಮೊರಿ ಸೋರಿಕೆ ಹುಡುಕುವ ಲೀಕ್‌ಕ್ಯಾನರಿ ಎಂಬ ಲೈಬ್ರರಿ ಸೇರಿಸಿಕೊಳ್ಳಿ, ಯಾರು ಯಾರನ್ನು ಹಿಡಿದಿದ್ದಾರೆ ಎಂದು ಸರಪಳಿ ಸಮೇತ ತೋರಿಸುತ್ತದೆ.

ಉತ್ತರ: ಮೇಲಿನ ಮಾತು ಸರಿ, ಆದರೆ ಕಣ್ಣಿಗೆ ಕಾಣುವ ಯಾವುದಕ್ಕೂ ಅದನ್ನು ಕೊಡಬೇಡಿ. ಡೈಲಾಗ್ ತೆರೆದರೆ ಬ್ಯಾಡ್‌ಟೋಕನ್‌ಎಕ್ಸೆಪ್ಷನ್ ಎಂಬ ದೋಷ ಬಂದು ಆ್ಯಪ್ ಕುಸಿಯುತ್ತದೆ. ಲೇಔಟ್ ಇನ್‌ಫ್ಲೇಟ್ ಮಾಡಿದರೆ (ವಿನ್ಯಾಸದ ಫೈಲಿನಿಂದ ಪರದೆ ಕಟ್ಟಿದರೆ) ಆ್ಯಕ್ಟಿವಿಟಿಯ ಥೀಮ್ ಬರುವುದಿಲ್ಲ.

ಇವೆಲ್ಲ ಬೇಗ ಸಿಕ್ಕಿಬೀಳುತ್ತವೆ. ಸಿಕ್ಕದೆ ಉಳಿಯುವುದು ಭಾಷೆಯ ದೋಷ. ಬಳಕೆದಾರರ ಫೋನ್ ಇಂಗ್ಲಿಷಿನಲ್ಲಿದೆ, ನಿಮ್ಮ ಆ್ಯಪ್‌ನೊಳಗೆ ಅವರು ಕನ್ನಡ ಆರಿಸಿಕೊಂಡಿದ್ದಾರೆ ಎಂದುಕೊಳ್ಳಿ. ನೀವು ಆ ಆಯ್ಕೆಯನ್ನು ಆ್ಯಕ್ಟಿವಿಟಿಗಳಿಗೆ ಮಾತ್ರ ಅನ್ವಯಿಸಿದ್ದರೆ ಪರದೆಯೆಲ್ಲ ಕನ್ನಡದಲ್ಲಿರುತ್ತದೆ. ಅಪ್ಲಿಕೇಶನ್ ಕಾಂಟೆಕ್ಸ್ಟ್‌ನಿಂದ ಸಾಲುಗಳನ್ನು ತೆಗೆದುಕೊಳ್ಳುವ ನೋಟಿಫಿಕೇಶನ್ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ‘ಹಣ ಪಾವತಿಯಾಗಿಲ್ಲ’ ಎಂಬ ಸೂಚನೆಯೇ ಹಾಗೆ ಬಂದರೆ, ಕನ್ನಡ ಮಾತ್ರ ಓದಬಲ್ಲವರ ಪಾಡೇನು? ಇದನ್ನು ಸಣ್ಣ ದೋಷವೆಂದು ಪಕ್ಕಕ್ಕಿಡುವುದನ್ನು ನಾನು ಒಪ್ಪುವುದಿಲ್ಲ. ಡೇಟಾ ಪದರದಿಂದ ವಾಕ್ಯದ ಬದಲು ಸ್ಟ್ರಿಂಗ್ ಐಡಿ (ಆ ವಾಕ್ಯದ ಗುರುತು) ಕಳುಹಿಸಿ, ವಾಕ್ಯವನ್ನು ಪರದೆಯೇ ತೆಗೆದುಕೊಳ್ಳಲಿ. ನೋಟಿಫಿಕೇಶನ್‌ಗೆ ಕ್ರಿಯೇಟ್‌ಕಾನ್ಫಿಗರೇಶನ್‌ಕಾಂಟೆಕ್ಸ್ಟ್ ಎಂಬ ಮೆಥಡ್ ಬಳಸಿ, ಆರಿಸಿದ ಭಾಷೆಯ ಕಾಂಟೆಕ್ಸ್ಟ್ ಪಡೆಯಿರಿ. ಆಂಡ್ರಾಯ್ಡ್ 13ರಿಂದ ಪ್ರತಿ ಆ್ಯಪ್‌ಗೂ ಭಾಷೆ ಆರಿಸುವ ವ್ಯವಸ್ಥೆ ಸಿಸ್ಟಮ್‌ನಲ್ಲೇ ಇದೆ. ಹಳೆಯ ಫೋನ್‌ಗಳಿಗೆ ಮಾತ್ರ ಈ ಕೆಲಸ ತಪ್ಪುವುದಿಲ್ಲ.

ಉತ್ತರ: ಇನ್ನೊಂದು ಮಾತು. ಕಾಂಟೆಕ್ಸ್ಟ್ ಎಲ್ಲೆಡೆ ಸಿಗುತ್ತದೆಂದು ಲಾಗಿನ್ ಆದವರ ವಿವರ, ಅರ್ಧ ತುಂಬಿದ ಅರ್ಜಿಗಳನ್ನೆಲ್ಲ ಅಪ್ಲಿಕೇಶನ್ ಕ್ಲಾಸಿನಲ್ಲಿ ಇಡಬೇಡಿ. ಹಿನ್ನೆಲೆಯಲ್ಲಿರುವಾಗ ಸಿಸ್ಟಮ್ ಪ್ರೋಸೆಸ್ಸನ್ನೇ ಕೊಲ್ಲಬಹುದು. ಬಳಕೆದಾರರು ಮರಳಿದಾಗ ಅದೇ ಪರದೆ ತೆರೆಯುತ್ತದೆ, ಒಳಗಿನ ವಿವರ ಮಾತ್ರ ನಲ್ (ಖಾಲಿ) ಆಗಿರುತ್ತದೆ. ಡೆವಲಪರ್ ಆಯ್ಕೆಗಳಲ್ಲಿ ಆ್ಯಕ್ಟಿವಿಟಿಗಳನ್ನು ಉಳಿಸಿಕೊಳ್ಳದಂತೆ ಮಾಡಿದರೆ ಇದು ಬಯಲಾಗುವುದಿಲ್ಲ, ಏಕೆಂದರೆ ಪ್ರೋಸೆಸ್ ಬದುಕಿಯೇ ಇರುತ್ತದೆ. ಹೋಮ್ ಒತ್ತಿ, ಎಡಿಬಿಯಿಂದ (ಕಂಪ್ಯೂಟರಿನಿಂದ ಫೋನಿಗೆ ಆದೇಶ ಕೊಡುವ ಸಾಧನ) ಪ್ರೋಸೆಸ್ ಕೊಂದು, ಇತ್ತೀಚಿನ ಆ್ಯಪ್‌ಗಳ ಪಟ್ಟಿಯಿಂದ ಮತ್ತೆ ತೆರೆದು ಪರೀಕ್ಷಿಸಿ.