4 ಇಂಚಿನ ಕಾಂಕ್ರೀಟ್ ದಾರಿ ಮೇಲೆ ಕಾಫಿ ಲಾರಿ ತರಬಹುದಾ?

ತೋಟದಮನೆ (ಸೋಮವಾರಪೇಟೆ ಕಡೆ):
ಗೇಟಿನಿಂದ ಅಂಗಳದವರೆಗೆ 60 ಅಡಿ ಉದ್ದ, 10 ಅಡಿ ಅಗಲದ ಕಾಂಕ್ರೀಟ್ ದಾರಿ ಇದೆ. ದಪ್ಪ 4 ಇಂಚು, ಕಬ್ಬಿಣ ಇಲ್ಲ. ಆರು ವರ್ಷದಿಂದ ಕಾರು, ಜೀಪು ಓಡಾಡಿಯೂ ಬಿರುಕು ಬಿಟ್ಟಿಲ್ಲ. ಎಡಬದಿ ಬರೆ (ಗುಡ್ಡದ ಇಳಿಜಾರು) ಕಡಿದ ಗಟ್ಟಿ ನೆಲ. ಬಲಬದಿಗೆ ಆ ಮಣ್ಣನ್ನೇ ತುಂಬಿಸಿದ್ದಾರೆ, ಅಂಚಿಗೆ 5 ಅಡಿ ಎತ್ತರದ ಕಲ್ಲಿನ ತಡೆಗೋಡೆ. 200 ಮೂಟೆ ಕಾಫಿಗೆ ಆರು ಚಕ್ರದ ಲಾರಿ ಒಳಗೆ ಬಂದರೆ ತಡೆಯುತ್ತಾ?

ಜಲ್ಲಿ_ಸಿಮೆಂಟ್:
ಖಾಲಿ ಲಾರಿ ಹೇಗೋ ಒಳಗೆ ಬಂದೀತು. ಲೋಡ್ ತುಂಬಿ ಹೊರಗೆ ಹೋಗುವಾಗ ಒಡೆಯುತ್ತೆ.

50 ಕೆಜಿಯ 200 ಮೂಟೆ ಅಂದರೆ 10 ಟನ್. ಲಾರಿಯ ತೂಕವೂ ಸೇರಿದರೆ 16 ಟನ್ ಆಸುಪಾಸು. ಆದರೆ ಇಲ್ಲಿ ನೋಡಬೇಕಾದ್ದು ಒಟ್ಟು ತೂಕ ಅಲ್ಲ, ಚಕ್ರದ ಕೆಳಗೆ ಬೀಳುವ ತೂಕ. 2018ರಲ್ಲಿ ಸರ್ಕಾರ ಲಾರಿಗಳ ತೂಕದ ಮಿತಿ ಏರಿಸಿದ ಮೇಲೆ ಇಂಥ ಲಾರಿಯ ಹಿಂದಿನ ಆಕ್ಸಲ್‌ಗೆ 11.5 ಟನ್ ವರೆಗೆ ಅವಕಾಶ ಇದೆ. ಅಂದರೆ ಒಂದು ಬದಿಯ ಜೋಡಿ ಟಯರ್ ಕೆಳಗೆ ಐದೂವರೆ ಟನ್ ದಾಟಬಹುದು. ಸಾಧಾರಣ ಕಾರಿನ ಒಂದು ಚಕ್ರದ ಕೆಳಗೆ 400 ಕೆಜಿ ಇದ್ದರೆ ಹೆಚ್ಚು. ಆರು ವರ್ಷ ಕಾರು ಓಡಿದ್ದನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಇನ್ನೊಂದು ತೊಂದರೆ ಅಗಲದ್ದು. ಲಾರಿಯೇ ಸುಮಾರು 8 ಅಡಿ, ದಾರಿ 10 ಅಡಿ. ಚಕ್ರ ಅಂಚಿನಿಂದ ಒಂದು ಅಡಿ ಒಳಗಷ್ಟೇ ಉರುಳುತ್ತೆ. ನಡುವೆ ಬಿದ್ದ ಭಾರ ಸುತ್ತ ಹಂಚಿಹೋಗುತ್ತೆ, ಅಂಚಲ್ಲಿ ಹಂಚಿಕೊಳ್ಳಲು ಪಕ್ಕದಲ್ಲಿ ಕಾಂಕ್ರೀಟೇ ಇಲ್ಲ. ನಿಮ್ಮ ಬಲ ಅಂಚು ತುಂಬಿದ ಮಣ್ಣಿನ ಮೇಲೆ ಬೇರೆ ಇದೆ.

ಲಾರಿ ಗೇಟಿನ ಹೊರಗೇ ನಿಲ್ಲಲಿ. ಪಿಕಪ್‌ಗೆ 30 ಮೂಟೆಯಂತೆ 7 ಟ್ರಿಪ್‌ನಲ್ಲಿ ಮುಗಿಯುತ್ತೆ. ಹಮಾಲಿ ಖರ್ಚು ಎರಡು ಸಲ ಬೀಳುತ್ತೆ ನಿಜ, ದಾರಿ ಒಡೆದು ಹಾಕಿಸುವುದಕ್ಕಿಂತ ಅಗ್ಗ.

ಮಳೆನಾಡು_ಸೈಟ್:
ತಡೆಗೋಡೆ ಮರೆಯಬೇಡಿ. 5 ಅಡಿ ಗೋಡೆ ಅಂದರೆ ಭಾರದ ಚಕ್ರ ಕನಿಷ್ಠ 5 ಅಡಿ ಒಳಗಿರಬೇಕು. ನಿಮ್ಮ ಅಗಲದಲ್ಲಿ ಅದು ಆಗದ ಮಾತು. ಗೋಡೆಯ ನೀರಿನ ತೂತುಗಳು ಕಟ್ಟಿದ್ದರೆ ಇನ್ನೂ ಅಪಾಯ, ಹಿಂದಿನ ಮಣ್ಣು ನೀರು ಕುಡಿದು ಗೋಡೆಯನ್ನು ಹೊರಗೆ ತಳ್ಳುತ್ತೆ.

ಹಾರೆಯ ಹಿಡಿಯಿಂದ ದಾರಿಯನ್ನು ಅಡಿಗೊಂದು ಸಲ ಕುಟ್ಟುತ್ತಾ ಹೋಗಿ. ಟಣ್ ಅಂದರೆ ಕೆಳಗೆ ಗಟ್ಟಿ, ಡಬ್ ಅಂದರೆ ಪೊಳ್ಳು. ನಮ್ಮ ಮಳೆಗೆ ಸ್ಲ್ಯಾಬ್ ಅಡಿಯ ನುಣುಪು ಮಣ್ಣು ಕೊಚ್ಚಿಹೋಗಿರುತ್ತೆ. ಮಳೆಗಾಲದಲ್ಲಿ ಕಾರು ಹತ್ತಿದಾಗ ಅಂಚಿನಿಂದ ಕೆಸರುನೀರು ಚಿಮ್ಮುತ್ತಿದ್ದರೆ ಅನುಮಾನವೇ ಬೇಡ. ಮಾರ್ಚಲ್ಲಿ ತಡೆದ ದಾರಿ ಜೂನ್‌ನ ಗೊಬ್ಬರದ ಲಾರಿಗೆ ತಡೆಯಬೇಕೆಂದಿಲ್ಲ. ಸೆಪ್ಟಿಕ್ ಟ್ಯಾಂಕ್ ಎಲ್ಲಿದೆ ಅಂತಲೂ ನೋಡಿ, ಲಾರಿ ಅದರ ಮೇಲೆ ಹತ್ತಬಾರದು.

ತೋಟದಮನೆ:
ಹಳೆಯದರ ಮೇಲೇ 8 ಎಂಎಂ ಕಬ್ಬಿಣ ಕಟ್ಟಿ 2 ಇಂಚು ಹಾಕಿದರೆ ಸಾಕು ಅಂತಾರೆ ಮೇಸ್ತ್ರಿ.

ಜಲ್ಲಿ_ಸಿಮೆಂಟ್:
ಬೇಡ. 2 ಇಂಚಿನ ಪದರ ಹಳೆಯದಕ್ಕೆ ಸರಿಯಾಗಿ ಅಂಟದೆ ಏಳುತ್ತೆ, ಕೆಳಗಿನ ಪೊಳ್ಳು ಹಾಗೇ ಉಳಿಯುತ್ತೆ. ಕಬ್ಬಿಣ ಬಿರುಕು ಬಾಯಿಬಿಡದಂತೆ ಹಿಡಿಯುತ್ತೆ ಅಷ್ಟೇ, ಭಾರ ಹೊರುವುದು ದಪ್ಪ ಮತ್ತು ನೆಲ. ಒಂದೇ ಪದರವಾಗಿ 4 ಇಂಚು 6 ಆದರೆ ಬಾಗುವ ಬಲ ಎರಡೂಕಾಲು ಪಟ್ಟಾಗುತ್ತೆ.

ಲಾರಿ ಬರಲೇಬೇಕಿದ್ದರೆ ಒಡೆಸಿ. ಸಾಧ್ಯವಾದರೆ ಬರೆಯ ಕಡೆಗೆ ಎರಡು ಅಡಿ ಅಗಲ ಮಾಡಿ. ತುಂಬಿದ ಮಣ್ಣನ್ನು ತೆಗೆದು 6 ಇಂಚಿನ ಪದರಗಳಲ್ಲಿ ಮತ್ತೆ ತುಂಬಿಸಿ, ಪ್ರತಿ ಪದರಕ್ಕೂ ರೋಲರ್ ಹೊಡೆಸಿ. ಅದರ ಮೇಲೆ 40 ಎಂಎಂ ಜಲ್ಲಿ ಮತ್ತು ಜಲ್ಲಿಪುಡಿ, ಗಟ್ಟಿಯಾದ ಮೇಲೆ 6 ಇಂಚು ನಿಲ್ಲಬೇಕು. ನಂತರ 6 ಇಂಚು ಎಂ25 (ಬಲದ ದರ್ಜೆ) ಕಾಂಕ್ರೀಟ್, ಎರಡೂ ಅಂಚಲ್ಲಿ ಒಂದು ಅಡಿ ಅಗಲಕ್ಕೆ 9 ಇಂಚು. 10 ಅಡಿ ಅಗಲಕ್ಕೇ 300 ಘನ ಅಡಿ ಆಗುತ್ತೆ, ಅಂಚಿನದು ಬೇರೆ. ಸಿಮೆಂಟ್ 75-80 ಮೂಟೆ ಹಿಡಿಯುತ್ತೆ. ಮೂಟೆಗೆ 23-25 ಲೀಟರ್ ನೀರು, ಮಣ್ಣಿಲ್ಲದ ಮರಳು. ಸುರಿಯಲು ಸುಲಭ ಅಂತ ನೀರು ಹೆಚ್ಚಿಸುವವರನ್ನು ಪಕ್ಕದಲ್ಲೇ ನಿಂತು ತಡೆಯಿರಿ, ಹಾಳಾಗುವುದು ಇಲ್ಲೇ.

ಬಿರುಕು ಎಲ್ಲೆಂದರಲ್ಲಿ ಬೀಳದಂತೆ 12 ಅಡಿಗೊಂದು ಜಾಯಿಂಟ್, 2 ಇಂಚು ಆಳ, ಮರುದಿನ ಬೆಳಿಗ್ಗೆಯೊಳಗೆ ಕಟ್ಟರ್‌ನಿಂದ ಕೊಯ್ಯಬೇಕು. ಇಳಿಜಾರಿದ್ದರೆ ಚಕ್ರ ಜಾರದಂತೆ ಹಸಿ ಕಾಂಕ್ರೀಟ್ ಮೇಲೆ ಅಡ್ಡಕ್ಕೆ ಪೊರಕೆ ಗೆರೆ. ನೀರು ಬರೆಯ ಬುಡದ ಚರಂಡಿಗೆ ಹೋಗಲಿ, ತುಂಬಿದ ಮಣ್ಣಿನ ಕಡೆಗಲ್ಲ. ಗೋಣಿಚೀಲ ಹಾಸಿ 14 ದಿನ ತೇವ ಇಡಿ. ಕಾರಿಗೆ 10 ದಿನ, ಲಾರಿಗೆ 28 ದಿನ.

ಮಳೆನಾಡು_ಸೈಟ್:
ಇಷ್ಟೆಲ್ಲ ಮಾಡಿಸಿದರೂ ತಡೆಗೋಡೆಯನ್ನು ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್‌ಗೆ ತೋರಿಸಿದ ಮೇಲೇ ಲಾರಿ ಕರೆಸಿ.