ಎನ್‌ಎಫ್‌ಎಸ್ ಹಂಚಿಕೆ ಹೊಸ ಡೆಸ್ಕ್‌ಟಾಪ್‌ನಲ್ಲಿ ತೆರೆದುಕೊಳ್ಳುತ್ತಿಲ್ಲ

ಪ್ರಶ್ನೆ, ಮೂಡಿಗೆರೆ ಕಡೆಯಿಂದ

ನಮ್ಮದು ಕಾಫಿ ತೋಟ. ತೋಟದ ಕಚೇರಿಯಲ್ಲಿ ಡೆಬಿಯನ್ ಲಿನಕ್ಸ್ ಹಾಕಿರುವ ಹಳೆಯ ಕಂಪ್ಯೂಟರ್ ಒಂದಿದೆ. ಆಳುಗಳ ಹಾಜರಿ, ಗೊಬ್ಬರದ ಲೆಕ್ಕ, ಇಂಚು-ಸೆಂಟ್‌ನಲ್ಲಿ ಬರೆದಿಟ್ಟ ಮಳೆಯ ದಾಖಲೆ, ಎಲ್ಲವೂ ಅದರಲ್ಲೇ ಇವೆ. ಈಗ ಮನೆಗೆ ಹೊಸ ಡೆಸ್ಕ್‌ಟಾಪ್ ತಂದು ಉಬುಂಟು ಹಾಕಿದ್ದೇವೆ. ಹೂಮಳೆ ಬಿದ್ದ ದಿನ ಮನೆಯಿಂದಲೇ ಅಂಕಿ ತುಂಬಿಸಬೇಕೆಂಬುದು ಆಸೆ. ಕಚೇರಿಯ ಯಂತ್ರದಲ್ಲಿ ‘ತೋಟ’ ಎಂಬ ಕೋಶವನ್ನು, ಜಾಲದ ಮೂಲಕ ಕಡತ ಹಂಚುವ ಎನ್‌ಎಫ್‌ಎಸ್ ವ್ಯವಸ್ಥೆಯಲ್ಲಿ ಹಂಚಿದ್ದೇನೆ. ಅದನ್ನು ಡೆಸ್ಕ್‌ಟಾಪ್‌ನಲ್ಲಿ ಮೌಂಟ್ ಮಾಡಲು, ಅಂದರೆ ಇಲ್ಲಿಯ ಕೋಶದಂತೆ ಜೋಡಿಸಿಕೊಳ್ಳಲು ಹೋದರೆ ‘ರಾಂಗ್ ಎಫ್‌ಎಸ್ ಟೈಪ್, ಬ್ಯಾಡ್ ಆಪ್ಷನ್, ಬ್ಯಾಡ್ ಸೂಪರ್‌ಬ್ಲಾಕ್’ ಎನ್ನುತ್ತದೆ. ಡಿಸ್ಕ್ ಕೆಟ್ಟಿದೆಯೇ?

ಉತ್ತರ, ಚಿಕ್ಕಮಗಳೂರಿನಿಂದ

ಡಿಸ್ಕ್‌ಗೆ ಏನೂ ಆಗಿಲ್ಲ, ಗಾಬರಿ ಬೇಡ. ಅದೇ ಸಂದೇಶದ ಕೊನೆಯ ತುಂಡನ್ನು ಓದಿ ನೋಡಿ. ಸಹಾಯಕ ಪ್ರೋಗ್ರಾಂ ಒಂದು ಬೇಕಾಗಬಹುದು ಎಂದಿರುತ್ತದೆ. ಡಿಸ್ಕ್‌ನ ಕಡತ ವ್ಯವಸ್ಥೆಯ ಮೂಲ ವಿವರ ಇರುವ ಸೂಪರ್‌ಬ್ಲಾಕ್ ಎಂಬ ಮಾತು ಕಂಡ ಕೂಡಲೇ ಎದೆ ಧಸಕ್ಕೆಂದು ಎಲ್ಲರೂ ಓದುವುದನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಉಬುಂಟುವಿನಲ್ಲಿ ಎನ್‌ಎಫ್‌ಎಸ್-ಕಾಮನ್ ಎಂಬ ಪ್ಯಾಕೇಜು ಆ ಸಹಾಯಕವನ್ನು ತರುತ್ತದೆ. ಅದನ್ನು ಹಾಕಿ ಮತ್ತೆ ಮೌಂಟ್ ಮಾಡಿ.

ಕಚೇರಿಯ ಯಂತ್ರದಲ್ಲಿ ಫೈರ್‌ವಾಲ್ ಇದ್ದರೆ 2049ನೇ ಟಿಸಿಪಿ ಪೋರ್ಟ್ ತೆರೆದಿರಲಿ. ಎನ್‌ಎಫ್‌ಎಸ್ 4ನೇ ಆವೃತ್ತಿಗೆ ಅಷ್ಟು ಸಾಕು. ಆದರೆ ಹಂಚಿಕೆಗಳ ಪಟ್ಟಿ ತೋರಿಸುವ ಶೋಮೌಂಟ್ ಆದೇಶ ಹಳೆಯ ಆವೃತ್ತಿಯ ದಾರಿ ಹಿಡಿಯುವುದರಿಂದ ಅದಕ್ಕೆ 111ನೇ ಪೋರ್ಟೂ ಮೌಂಟ್‌ಡಿ ಎಂಬ ಸೇವೆಯೂ ಬೇಕು. ಹಾಗಾಗಿ ಶೋಮೌಂಟ್ ಸೋತಿತೆಂದು ಹಂಚಿಕೆಯೇ ಇಲ್ಲವೆಂದು ತಿಳಿಯಬೇಡಿ. ನೇರವಾಗಿ ಮೌಂಟ್ ಮಾಡಿಯೇ ನೋಡಿ.

ಪ್ರಶ್ನೆ ಕೇಳಿದವರು

ಪ್ಯಾಕೇಜು ಹಾಕಿದ ಮೇಲೆ ತೆರೆದುಕೊಂಡಿತು. ಕಡತಗಳೆಲ್ಲ ಕಾಣುತ್ತವೆ, ಓದಲೂ ಬರುತ್ತದೆ. ಆದರೆ ಮಳೆಯ ಕಡತದಲ್ಲಿ ಒಂದು ಸಾಲು ಸೇರಿಸಲು ಹೋದರೆ ‘ಪರ್ಮಿಷನ್ ಡಿನೈಡ್’. ಅಡ್ಮಿನ್ ಹಕ್ಕು ಕೊಡುವ ಸುಡೊ ಹಾಕಿದರೂ ಅದೇ ಉತ್ತರ. ಎರಡೂ ಕಡೆ ಬಳಕೆದಾರನ ಹೆಸರೂ ಪಾಸ್‌ವರ್ಡೂ ಒಂದೇ. ಪರಿಚಯದವರೊಬ್ಬರು ಕೋಶಕ್ಕೆ 777, ಅಂದರೆ ಎಲ್ಲರಿಗೂ ಎಲ್ಲ ಹಕ್ಕು, ಕೊಟ್ಟುಬಿಡಿ ಎನ್ನುತ್ತಿದ್ದಾರೆ.

ಉತ್ತರ, ಚಿಕ್ಕಮಗಳೂರಿನಿಂದ

777 ಕೊಡಬೇಡಿ. ನಿಮ್ಮ ವೈಫೈಗೆ ಸೇರಿದ ಯಾವ ಲ್ಯಾಪ್‌ಟಾಪ್‌ನಿಂದಲಾದರೂ ಹಾಜರಿಯ ಲೆಕ್ಕವನ್ನು ಅಳಿಸಲು ಅನುಮತಿ ಕೊಟ್ಟಂತಾಗುತ್ತದೆ.

ಮಾಮೂಲಿ ಎನ್‌ಎಫ್‌ಎಸ್ ನಿಮ್ಮ ಹೆಸರನ್ನೂ ನೋಡುವುದಿಲ್ಲ, ಪಾಸ್‌ವರ್ಡನ್ನೂ ಕೇಳುವುದಿಲ್ಲ. ಡೆಸ್ಕ್‌ಟಾಪ್ ಕಳಿಸುವುದು ಬಳಕೆದಾರನ ಸಂಖ್ಯೆಯನ್ನು, ಅಂದರೆ ಯುಐಡಿಯನ್ನು. ಸರ್ವರ್ ಆ ಸಂಖ್ಯೆಯನ್ನೇ ನಂಬುತ್ತದೆ. ಎರಡೂ ಯಂತ್ರಗಳಲ್ಲಿ ‘ಐಡಿ’ ಎಂದು ಟೈಪ್ ಮಾಡಿ; ಕಚೇರಿಯಲ್ಲಿ ‘ಎಲ್‌ಎಸ್ -ಎಲ್‌ಎನ್’ ಕೂಡ ಹೊಡೆಯಿರಿ. ಅದು ಕಡತದ ಒಡೆಯನ ಹೆಸರಿನ ಬದಲು ಸಂಖ್ಯೆ ತೋರಿಸುತ್ತದೆ. ಉಬುಂಟುವಿನಲ್ಲಿ ಮೊದಲು ಸೃಷ್ಟಿಯಾದ ಬಳಕೆದಾರನಿಗೆ 1000 ಸಿಗುತ್ತದೆ. ಕಚೇರಿಯಲ್ಲಿ ನಿಮ್ಮ ಖಾತೆಯನ್ನು ಎರಡನೆಯದಾಗಿ ತೆರೆದಿದ್ದರೆ ಅದು 1001 ಆಗಿರುತ್ತದೆ. ಹೆಸರು ಒಂದೇ ಇದ್ದರೂ ಸರ್ವರ್‌ನ ಕಣ್ಣಿಗೆ ನೀವು ಬೇರೆಯವರು.

ಸುಡೊ ಏಕೆ ಸೋತಿತು ಎಂಬುದಕ್ಕೂ ಕಾರಣವಿದೆ. ಸುಡೊ ಆದೇಶವನ್ನು ರೂಟ್, ಅಂದರೆ ಯಂತ್ರದ ಸರ್ವಾಧಿಕಾರಿ ಬಳಕೆದಾರನ ಹೆಸರಲ್ಲಿ ಓಡಿಸುತ್ತದೆ; ಅವನ ಸಂಖ್ಯೆ 0. ರೂಟ್-ಸ್ಕ್ವಾಶ್ ಎಂಬ ನಿಯಮ ತಾನಾಗಿಯೇ ಜಾರಿಯಲ್ಲಿರುವುದರಿಂದ, ಹೊರಗಿನಿಂದ ಬಂದ 0 ಅನ್ನು ಸರ್ವರ್ ‘ನೋಬಡಿ’ ಎಂಬ ಅಧಿಕಾರವಿಲ್ಲದ ಬಳಕೆದಾರನಾಗಿ ಬದಲಿಸುತ್ತದೆ. ಇದು ಒಳ್ಳೆಯ ರಕ್ಷಣೆ, ತೆಗೆಯಬೇಡಿ.

ಸಂಖ್ಯೆಗಳು ಬೇರೆಯಿದ್ದರೆ ಹೊಸ ಯಂತ್ರದಲ್ಲೇ ಬದಲಿಸಿ, ಅಲ್ಲಿ ಕಡತಗಳು ಕಡಿಮೆ. ಬೇರೊಂದು ಅಡ್ಮಿನ್ ಖಾತೆಯಿಂದ ಒಳಹೊಕ್ಕು ‘ಯೂಸರ್‌ಮಾಡ್ -ಯು 1001’ ಎಂದು ಬರೆದು ಮುಂದೆ ನಿಮ್ಮ ಬಳಕೆದಾರ ಹೆಸರು ಕೊಡಿ. ನಿಮ್ಮ ಹೋಮ್ ಕೋಶದಲ್ಲಿ ನಿಮ್ಮದಾಗಿರುವ ಕಡತಗಳ ಒಡೆತನವನ್ನು ಅದೇ ಸರಿಪಡಿಸುತ್ತದೆ. ಗುಂಪಿನ ಸಂಖ್ಯೆಯನ್ನೂ ‘ಗ್ರೂಪ್‌ಮಾಡ್’ನಿಂದ ಬದಲಿಸಿದರೆ, ಹೋಮ್ ಕೋಶದ ಕಡತಗಳ ಗುಂಪನ್ನು ‘ಚೋನ್’ ಆದೇಶದಿಂದ ನೀವೇ ಬದಲಿಸಬೇಕು.

ಉತ್ತರ, ಹಾಸನದಿಂದ

ಒಂದು ಮಾತು ಸೇರಿಸುತ್ತೇನೆ. ಮುಂದೆ ಇನ್ನೂ ಮೂರು ನಾಲ್ಕು ಯಂತ್ರಗಳು ಬರುವುದಿದ್ದರೆ ಪ್ರತಿಯೊಂದರಲ್ಲೂ ಸಂಖ್ಯೆ ಬದಲಿಸುತ್ತ ಕೂರುವ ಬದಲು, ಕಚೇರಿಯಲ್ಲಿ ಹಂಚಿಕೆಗಳನ್ನು ಬರೆದಿಡುವ ‘ಎಕ್ಸ್‌ಪೋರ್ಟ್ಸ್’ ಕಡತದಲ್ಲಿ ಆಲ್-ಸ್ಕ್ವಾಶ್ ಹಾಕಿ, ಅನಾನ್-ಯುಐಡಿ ಮತ್ತು ಅನಾನ್-ಜಿಐಡಿಗೆ 1001 ಕೊಡಬಹುದು. ಯಾರು ಬರೆದರೂ ಒಬ್ಬನೇ ಬರೆದಂತೆ ದಾಖಲಾಗುತ್ತದೆ. ಯಾರು ಏನು ತಿದ್ದಿದರು ಎಂದು ತಿಳಿಯಬೇಕಾದ ಹಾಜರಿ ಲೆಕ್ಕಕ್ಕೆ ಇದು ಬೇಡ. ಮಳೆಯ ದಾಖಲೆಗೆ ಸಾಕು.

ಆ ಕಡತ ತಿದ್ದುವಾಗ ವಿಳಾಸಕ್ಕೂ ಆವರಣಕ್ಕೂ ನಡುವೆ ಜಾಗ ಬಿಡಬೇಡಿ. 192.168.1.0/24 ಎಂದು ಬರೆದು ಜಾಗ ಬಿಟ್ಟು ಆಯ್ಕೆಗಳನ್ನು ಕೊಟ್ಟರೆ, ಬರೆಯುವ ಹಕ್ಕು ಲೋಕಕ್ಕೆಲ್ಲ ಹೋಗಿ ನಿಮ್ಮ ಜಾಲಕ್ಕೆ ಓದುವ ಹಕ್ಕು ಮಾತ್ರ ಉಳಿಯುತ್ತದೆ. ಆಗ ಬರುವ ಸಂದೇಶ ‘ರೀಡ್-ಓನ್ಲಿ ಫೈಲ್ ಸಿಸ್ಟಮ್’. ನಿಮಗೆ ಬಂದದ್ದು ಅದಲ್ಲ, ಆದ್ದರಿಂದ ಈಗಿನ ಸಾಲು ಸರಿಯಾಗಿಯೇ ಇರಬೇಕು. ತಿದ್ದಿದ ಮೇಲೆ, ಬದಲಾವಣೆ ಜಾರಿಯಾಗಲು ‘ಎಕ್ಸ್‌ಪೋರ್ಟ್‌ಎಫ್‌ಎಸ್ -ಆರ್‌ಎ’ ಓಡಿಸಿ.

ಪ್ರಶ್ನೆ ಕೇಳಿದವರು

ಕಚೇರಿಯಲ್ಲಿ 1001, ಇಲ್ಲಿ 1000 ಇತ್ತು. ಬದಲಿಸಿದೆ, ಈಗ ಬರೆಯಲು ಬರುತ್ತಿದೆ. ಇಬ್ಬರಿಗೂ ಧನ್ಯವಾದ. ಒಂದು ತೊಂದರೆ ಉಳಿದಿದೆ. ಗಾಳಿಮಳೆಗೆ ಕರೆಂಟ್ ಹೋಗಿ ಬಂದಾಗ ಡೆಸ್ಕ್‌ಟಾಪ್ ಬೇಗ ಏಳುತ್ತದೆ, ಕಚೇರಿಯ ಯಂತ್ರ ನಿಧಾನ. ಆಗ ಲಾಗಿನ್ ಪರದೆ ಬರುವುದಕ್ಕೇ ಒಂದೂವರೆ ನಿಮಿಷ ಕಾಯಬೇಕು. ‘ಸಾಫ್ಟ್’ ಎಂಬ ಆಯ್ಕೆ ಕೊಟ್ಟರೆ ಸರಿಹೋಗುತ್ತದೆಯೇ?

ಉತ್ತರ, ಚಿಕ್ಕಮಗಳೂರಿನಿಂದ

ಸಾಫ್ಟ್ ಬೇಡ. ಸರ್ವರ್ ಸ್ವಲ್ಪ ಹೊತ್ತು ಸಿಗದಿದ್ದರೆ ಅದು ಬರವಣಿಗೆಯನ್ನು ನಡುವೆಯೇ ಕೈಬಿಡುತ್ತದೆ. ಪ್ರೋಗ್ರಾಂ ಆ ದೋಷವನ್ನು ಗಮನಿಸದಿದ್ದರೆ ಕಡತ ಅರ್ಧಂಬರ್ಧ ಉಳಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅಂಥ ಸಂದರ್ಭ ಬಂದೇ ಬರುತ್ತದೆ. ಮೊದಲಿನಿಂದಲೇ ಇರುವ ‘ಹಾರ್ಡ್’ ಹಾಗೆಯೇ ಇರಲಿ. ಸರ್ವರ್ ಮರಳಿ ಬರುವವರೆಗೆ ಅದು ಕಾದು ಬರೆಯುತ್ತದೆ. ಅದೇ ಕಾರಣಕ್ಕೆ ಕಚೇರಿಯ ಎಕ್ಸ್‌ಪೋರ್ಟ್ಸ್ ಕಡತದಲ್ಲಿ ‘ಸಿಂಕ್’ ತೆಗೆದು ‘ಅಸಿಂಕ್’ ಹಾಕಬೇಡಿ. ಅಸಿಂಕ್‌ನಲ್ಲಿ ಡಿಸ್ಕ್‌ಗೆ ಬೀಳುವ ಮೊದಲೇ ‘ಆಯಿತು’ ಎಂಬ ಉತ್ತರ ಬಂದುಬಿಡುತ್ತದೆ.

ಕಾಯುವಿಕೆಗೆ ಮದ್ದು ಬೇರೆ. ಡೆಸ್ಕ್‌ಟಾಪ್‌ನಲ್ಲಿ ಮೌಂಟ್‌ಗಳನ್ನು ಬರೆದಿಡುವ ‘ಎಫ್‌ಎಸ್‌ಟ್ಯಾಬ್’ ಕಡತದ ಸಾಲಿನಲ್ಲಿ ನೋ-ಆಟೊ, ಎಕ್ಸ್-ಸಿಸ್ಟಮ್‌ಡಿ.ಆಟೊಮೌಂಟ್, ಅಂಡರ್‌ಸ್ಕೋರ್ ಹಚ್ಚಿದ ನೆಟ್‌ಡೆವ್, ಈ ಮೂರನ್ನು ಅಲ್ಪವಿರಾಮದಿಂದ ಬೇರ್ಪಡಿಸಿ, ನಡುವೆ ಜಾಗ ಬಿಡದೆ ಸೇರಿಸಿ. ಆಗ ಯಂತ್ರ ಏಳುವಾಗ ಮೌಂಟ್ ಆಗುವುದಿಲ್ಲ. ನೀವು ‘ತೋಟ’ ಕೋಶವನ್ನು ಮೊದಲ ಬಾರಿ ತೆರೆದಾಗ ಆಗುತ್ತದೆ. ಕಚೇರಿಯ ಯಂತ್ರಕ್ಕೆ ರೂಟರ್‌ನಲ್ಲಿ ವಿಳಾಸವನ್ನು ಕಾಯ್ದಿರಿಸಿಬಿಡಿ. ಇಲ್ಲದಿದ್ದರೆ ಕರೆಂಟ್ ಬಂದಾಗ ಬೇರೆ ವಿಳಾಸ ಸಿಕ್ಕಿ ಈ ಸಾಲು ಕೆಲಸಕ್ಕೆ ಬಾರದೆ ಹೋಗುತ್ತದೆ.