ರೆಸ್ಪಿರೇಟರ್‌ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ಒಂದು ಪದ ಬೇಕಾಗಿದೆ. ದಾವಣಗೆರೆಯ ಒಂದು ಆಸ್ಪತ್ರೆಯ ನರ್ಸ್‌ಗಳಿಗೆ, ಆಯಾಗಳಿಗೆ, ವಾರ್ಡ್‌ಬಾಯ್‌ಗಳಿಗೆ ಫ್ಲೂ ತಗುಲದ ಹಾಗೆ ಏನೇನು ಹಾಕಿಕೊಳ್ಳಬೇಕು ಅಂತ ಗೋಡೆಗೆ ಅಂಟಿಸುವ ಹಾಳೆ ಬರೆದುಕೊಡುತ್ತಿದ್ದೇನೆ. ಹಿಂದೆ ಯಾರೋ ಮಾಡಿದ ಹಾಳೆಯಲ್ಲಿ ‘ರೆಸ್ಪಿರೇಟರ್’ ಅನ್ನುವುದು ‘ಕೃತಕ ಉಸಿರಾಟದ ಯಂತ್ರ ಧರಿಸಿ’ ಅಂತ ಆಗಿತ್ತು. ವೆಂಟಿಲೇಟರಿಗೂ ಹಿಂದೆ ರೆಸ್ಪಿರೇಟರ್ ಅಂತಲೇ ಹೆಸರಿತ್ತು, ಅದಕ್ಕೇ ಈ ಗೊಂದಲ. ಇಲ್ಲಿ ಹೇಳಬೇಕಾದ್ದು ಎನ್95 ಅನ್ನುವ, ಗಾಳಿ ಸೋಸುವ ಮಾಸ್ಕಿನ ಬಗ್ಗೆ.

ಹಾಗಂತ ಎಲ್ಲದಕ್ಕೂ ‘ಮುಖಗವಸು’ ಅಂದರೆ ಸಾಲದು. ಗವಸು ಅಂದ ಕೂಡಲೇ ದಿಂಬಿನ ಗವಸು ನೆನಪಾಗುತ್ತದೆ, ಅಲ್ವಾ? ಸಡಿಲವಾಗಿ ಮೇಲೆ ಹೊದಿಸಿದ್ದು. ಸರ್ಜಿಕಲ್ ಮಾಸ್ಕಿಗೆ ಅದು ಸರಿ. ಎದುರಿನವರು ಕೆಮ್ಮಿದಾಗ ಸಿಡಿಯುವ ಹನಿಗಳನ್ನು ಅದು ತಡೆಯುತ್ತದೆ, ಆದರೆ ಕೆನ್ನೆಯ ಪಕ್ಕದಿಂದ ಗಾಳಿ ಒಳಗೆ ಬರುತ್ತದೆ. ಎನ್95 ಹಾಗಲ್ಲ, ಅದರ ಅಂಚು ಸುತ್ತಲೂ ಮುಖಕ್ಕೆ ಕೂತು, ಎಳೆದ ಉಸಿರೆಲ್ಲ ಆ ಪದರದಲ್ಲಿ ಸೋಸಿಯೇ ಬರಬೇಕು. 0.3 ಮೈಕ್ರಾನ್‌ನಷ್ಟು ಸಣ್ಣ ಕಣಗಳಲ್ಲೂ ಕನಿಷ್ಠ ಶೇ 95ರಷ್ಟನ್ನು ಹಿಡಿಯಬೇಕು ಅನ್ನುವುದು ಅದರ ಲೆಕ್ಕ. ಅಂಚಿನಲ್ಲಿ ಸಂದು ಬಿಟ್ಟರೆ, ಗಡ್ಡ ಅಡ್ಡ ಬಂದರೆ ಆ ಲೆಕ್ಕ ತಪ್ಪಿತು. ಫ್ಲೂ ರೋಗಿಯ ಗಂಟಲಿಗೆ ಟ್ಯೂಬ್ ಹಾಕುವಾಗ ಇದು ಬೇಕೇ ಬೇಕು. ಹಾಳೆ ಓದಿ ಆ ಹೊತ್ತಲ್ಲಿ ಇನ್ನೊಂದನ್ನು ಹಾಕಿಕೊಂಡು ನಿಂತರೆ ನರ್ಸಿನ ಗತಿ ಏನು?

‘ಬಿಗಿಗವಸು’ ಅಂತ ಬರೆದು ತೋರಿಸಿದೆ. ಹಿರಿಯ ನರ್ಸಕ್ಕ ಒಬ್ಬರು, "ಬಿಗಿ ಅಂದ್ರೆ ಮಾಮೂಲಿ ಮಾಸ್ಕಿನ ದಾರಕ್ಕೇ ಗಂಟು ಹಾಕಿ ಎಳ್ಕೋತಾರೆ ನೋಡಪ್ಪ" ಅಂದರು. ಸರಿಯಾದ ಮಾತು. ಈಗ ‘ಸೋಸುಗವಸು’ ತಲೆಯಲ್ಲಿದೆ. ಟೀ ಸೋಸುವುದು ಎಲ್ಲರಿಗೂ ಗೊತ್ತು, ಗಾಳಿ ಸೋಸುವುದು ಕಿವಿಗೆ ಒಗ್ಗುತ್ತಾ? ಅಂಚು ಕೂರಬೇಕು ಅನ್ನುವುದಂತೂ ಅದರಲ್ಲಿ ಬರಲ್ಲ.

ಪಿಪಿಇಗೆ ಆ ಹಳೆಯ ಹಾಳೆಯಲ್ಲಿ ‘ವೈಯಕ್ತಿಕ ರಕ್ಷಣಾ ಸಾಧನ’ ಅಂತಿತ್ತು. ಓದಿದ ಆಯಾ ಒಬ್ಬರು "ನಮ್ಮ ದುಡ್ಡಲ್ಲೇ ತರಬೇಕಾ ಸರ್?" ಅಂದರು. ‘ವೈಯಕ್ತಿಕ’ ಅಂದರೆ ಅವರಿಗೆ ಸ್ವಂತದ್ದು. ಅದನ್ನು ತೆಗೆದು ಗೌನು, ಗ್ಲೌಸು, ಕನ್ನಡಕ ಅಂತ ಬಿಡಿಸಿ ಬರೆದೆ, ‘ಆಸ್ಪತ್ರೆಯೇ ಕೊಡುತ್ತದೆ’ ಅಂತಲೂ ಸೇರಿಸಿದೆ.

ಉಳಿದಿರುವುದು ಎನ್95 ಒಂದೇ. ಡಬ್ಬಿಯ ಮುಚ್ಚಳ ಗಾಳಿಯಾಡದ ಹಾಗೆ ಕೂತರೆ ನಿಮ್ಮ ಮನೆಯಲ್ಲಿ ಏನಂತಾರೆ? ಚಿತ್ರದುರ್ಗ, ಹೊಸದುರ್ಗದ ಕಡೆಯವರು ಅಜ್ಜಿಯರನ್ನೂ ಕೇಳಿ ಹೇಳಿ. ಹಾಳೆ ಇನ್ನೂ ಪ್ರಿಂಟಿಗೆ ಹೋಗಿಲ್ಲ.